ಕಿವುಡು ಮಕ್ಕಳ ತರಗತಿಯಲ್ಲಿ ಇನ್ನೊಂದು ತೊಂದರೆಯೂ ಇರುವ ಮಕ್ಕಳು: ಎಲ್ಲಿಂದ ಶುರು ಮಾಡಬೇಕು?

ಕೊಪ್ಪಳ ಕಡೆಯ ಮೇಷ್ಟ್ರು

ಎಲ್ಲರಿಗೂ ನಮಸ್ಕಾರ. ಕಿವುಡು ಮಕ್ಕಳ ವಸತಿ ಶಾಲೆಯೊಂದಕ್ಕೆ ಈ ವರ್ಷ ಸೇರಿದ್ದೇನೆ. ವಿಶೇಷ ಡಿ.ಎಡ್ ಮಾಡಿದ್ದು ಶ್ರವಣದೋಷ ವಿಭಾಗದಲ್ಲಿ. ಸನ್ನೆ ಭಾಷೆ ಚೆನ್ನಾಗಿ ಬರುತ್ತದೆ. ತರಗತಿಯ ಬಹುಪಾಲು ಮಕ್ಕಳ ಜತೆ ತೊಂದರೆ ಇಲ್ಲ. ಮೂವರ ವಿಷಯದಲ್ಲಿ ಮಾತ್ರ ಏನು ಮಾಡಬೇಕೋ ತೋಚುತ್ತಿಲ್ಲ.

ಒಬ್ಬ ಹುಡುಗನಿಗೆ ಒಂಬತ್ತು ವರ್ಷ. ಹುಟ್ಟಿದ ವಾರದಲ್ಲೇ ಜೋರು ಕಾಮಾಲೆ ಆಗಿತ್ತಂತೆ. ಕೈ, ಕುತ್ತಿಗೆ ತಾವಾಗಿಯೇ ತಿರುಚಿಕೊಳ್ಳುತ್ತವೆ. ನಾನು ಮಾಡುವ ಸನ್ನೆ ಅವನಿಗೆ ಅರ್ಥವಾಗುತ್ತದೆ, ಕಣ್ಣು ನೋಡಿದರೆ ಗೊತ್ತಾಗುತ್ತದೆ. ಆದರೆ ತಿರುಗಿ ಹೇಳೋಣ ಅಂದರೆ ಬೆರಳು ಮಡಚುವುದಿಲ್ಲ.

ಇನ್ನೊಬ್ಬಳು ಹದಿಮೂರರ ಹುಡುಗಿ. ಓದಿನಲ್ಲಿ ಚುರುಕು. ಸಂಜೆಯಾದರೆ ಬೇರೆಯೇ ಹುಡುಗಿ. ಕತ್ತಲಾದ ಮೇಲೆ ಊಟದ ಹಾಲ್‌ಗೆ ಬರಲು ಒಪ್ಪುವುದಿಲ್ಲ. ವರಾಂಡದಲ್ಲಿ ಬಿಟ್ಟ ಚಪ್ಪಲಿ ಎಡವುತ್ತಾಳೆ. ಆಟದಲ್ಲಿ ಪಕ್ಕದಿಂದ ಬರುವ ಚೆಂಡು ಕಾಣದೆ ಪೆಟ್ಟು ತಿನ್ನುತ್ತಾಳೆ. ಹಾಸ್ಟೆಲಿನಲ್ಲಿ ಅವಳಿಗೆ ಹಠಮಾರಿ ಅಂತ ಹೆಸರು ಬಿದ್ದಿದೆ.

ಮೂರನೆಯವನಿಗೆ ಏಳು ವರ್ಷ. ಮುಖ ನೋಡುವುದೇ ಇಲ್ಲ. ಬಾಟಲಿ ಮುಚ್ಚಳ ತಿರುಗಿಸುತ್ತಾ ಕೂರುತ್ತಾನೆ. ಸನ್ನೆ ಕಲಿಸಲು ಕೈ ಹಿಡಿದರೆ ಕಿರುಚುತ್ತಾನೆ.

ಶಾಲೆಯಲ್ಲಿ ಎಲ್ಲರೂ ಹೇಳುವುದು ಒಂದೇ: ಇವರನ್ನು ಬುದ್ಧಿಮಾಂದ್ಯ ಮಕ್ಕಳ ಶಾಲೆಗೆ ಕಳಿಸಿ. ನನಗೆ ಮನಸ್ಸು ಒಪ್ಪುತ್ತಿಲ್ಲ. ಅನುಭವ ಇರುವವರು ದಯವಿಟ್ಟು ಹೇಳಿ.

ಮೈಸೂರಿನ ವಿಶೇಷ ಶಿಕ್ಷಕಿ

ಮೇಷ್ಟ್ರೇ, ಮೊದಲು ಆ ಹುಡುಗಿಯ ಕಣ್ಣು ತೋರಿಸಿ. ಉಳಿದದ್ದೆಲ್ಲ ಆಮೇಲೆ.

ಕಿವುಡು ಮಗು, ರಾತ್ರಿ ಕಾಣುವುದಿಲ್ಲ, ಪಕ್ಕದ್ದೂ ಕಾಣುವುದಿಲ್ಲ. ಈ ಮೂರೂ ಒಟ್ಟಿಗೆ ಕಂಡರೆ ಅಶರ್ ಸಿಂಡ್ರೋಮ್ ಇದೆಯಾ ಅಂತ ನೋಡಲೇಬೇಕು. ಇದು ವಂಶವಾಹಿಯಿಂದ ಬರುವ ಕಾಯಿಲೆ. ಕಿವುಡುತನ ಹೆಚ್ಚಾಗಿ ಹುಟ್ಟಿನಿಂದ ಇರುತ್ತದೆ. ಕಣ್ಣಿನ ಹಿಂಭಾಗದ ರೆಟಿನಾ ಮಾತ್ರ ವರ್ಷಗಳು ಹೋದಂತೆ ಸವೆಯುತ್ತಾ ಬರುತ್ತದೆ. ಮೊದಲು ಇರುಳುಗಣ್ಣು. ಆಮೇಲೆ ಅಂಚಿನ ನೋಟ ಕಮ್ಮಿಯಾಗಿ ಎದುರಿನದಷ್ಟೇ ಉಳಿಯುತ್ತದೆ. ಬೋರ್ಡಿನ ಸಣ್ಣ ಅಕ್ಷರ ಓದುವ ಹುಡುಗಿ ಕಾಲ ಬಳಿಯ ಬಕೆಟ್ ಎಡವುತ್ತಾಳೆ. ನೋಡುವವರಿಗೆ ಇದು ನಾಟಕ ಅನ್ನಿಸುತ್ತದೆ. ನಾಟಕ ಅಲ್ಲ.

ಅವಳ ತಾಯಿಯನ್ನು ಒಂದು ಮಾತು ಕೇಳಿ: ಮಗು ನಡೆದದ್ದು ಯಾವಾಗ? ಅಶರ್‌ನ ಮೊದಲ ಬಗೆಯಲ್ಲಿ ಒಳಕಿವಿಯ ಸಮತೋಲನವೂ ಕೆಟ್ಟಿರುತ್ತದೆ. ಹಾಗಾಗಿ ಎಷ್ಟೋ ಮಕ್ಕಳು ಒಂದೂವರೆ ವರ್ಷ ದಾಟಿದ ಮೇಲೇ ನಡೆಯುತ್ತಾರೆ. ಎರಡನೇ ಬಗೆಯಲ್ಲಿ ಸಮತೋಲನ ಸರಿ ಇರುತ್ತದೆ. ಇರುಳುಗಣ್ಣಿಗೆ ಎ ಜೀವಸತ್ವದ ಕೊರತೆಯೂ ಕಾರಣ ಇರಬಹುದು, ಅದಕ್ಕೆ ಚಿಕಿತ್ಸೆ ಇದೆ. ಆದ್ದರಿಂದ ನೀವೇ ಹೆಸರಿಡಬೇಡಿ. ಬೆಂಗಳೂರಿನ ಮಿಂಟೊದಂಥ ದೊಡ್ಡ ಕಣ್ಣಿನ ಆಸ್ಪತ್ರೆಗೆ ಕರೆದುಕೊಂಡು ಹೋಗಿ, ರೆಟಿನಾ ಪರೀಕ್ಷೆ, ದೃಷ್ಟಿಕ್ಷೇತ್ರದ ಪರೀಕ್ಷೆ, ಇಆರ್‌ಜಿ (ಬೆಳಕಿಗೆ ರೆಟಿನಾ ಹೇಗೆ ಸ್ಪಂದಿಸುತ್ತದೆ ಅಂತ ಅಳೆಯುವ ಪರೀಕ್ಷೆ) ಬೇಕು ಅಂತ ಹೇಳಿ. ಕನ್ನಡಕದ ಅಂಗಡಿಯ ತಪಾಸಣೆಯಲ್ಲಿ ಇದು ಸಿಗುವುದಿಲ್ಲ.

ನನ್ನ ಕೇಳಿದರೆ, ಕಿವುಡು ಮಕ್ಕಳ ಪ್ರತಿ ಶಾಲೆಯಲ್ಲೂ ವರ್ಷಕ್ಕೊಮ್ಮೆ ಎಲ್ಲ ಮಕ್ಕಳ ಕಣ್ಣು ಪರೀಕ್ಷೆ ಆಗಲೇಬೇಕು. ಕಿವಿಯ ಆಡಿಯೋಗ್ರಾಮ್ ಫೈಲಿನಲ್ಲಿ ಇಲ್ಲದ ಶಾಲೆ ಇಲ್ಲ. ಕಣ್ಣಿನ ವರದಿ ಇರುವ ಫೈಲು ಎಷ್ಟು ಶಾಲೆಗಳಲ್ಲಿದೆ, ನೋಡಿ.

ಈಗ ಮೂವರ ಬಗ್ಗೆಯೂ ಒಂದು ಮಾತು. ಕಿವುಡು ಮಕ್ಕಳಿಗೆ ನಾವು ಪಾಠ ಮಾಡುವುದೇ ಅವರ ಕಣ್ಣು ಮತ್ತು ಕೈಯನ್ನು ನಂಬಿ. ಕಿವಿ ಮಾಡದ ಕೆಲಸವನ್ನು ಕಣ್ಣು ಮಾಡುತ್ತದೆ, ಬಾಯಿ ಮಾಡದ್ದನ್ನು ಕೈ ಮಾಡುತ್ತದೆ. ನಿಮ್ಮ ಮೂವರನ್ನು ನೋಡಿ. ಒಬ್ಬನಿಗೆ ಕೈ ಸಾಥ್ ಕೊಡುತ್ತಿಲ್ಲ. ಒಬ್ಬಳಿಗೆ ಕಣ್ಣು ಕೈಕೊಡುತ್ತಿದೆ. ಇನ್ನೊಬ್ಬನಿಗೆ ಎರಡೂ ಸರಿ ಇವೆ, ಆದರೆ ನೋಟ ಮನುಷ್ಯರ ಮುಖದ ಮೇಲೆ ನಿಲ್ಲುತ್ತಿಲ್ಲ. ಅಂದರೆ ನಾವು ಯಾವುದನ್ನು ನಂಬಿ ಪಾಠ ಕಟ್ಟಿದ್ದೆವೋ ಅದೇ ಇವರಲ್ಲಿ ಸಡಿಲ. ಹಾಗಾಗಿ ಅದೇ ಪಾಠವನ್ನು ನಿಧಾನವಾಗಿ ಹೇಳಿದರೆ ಸಾಲದು. ದಾರಿಯೇ ಬೇರೆ ಬೇಕು. ಮೂವರಿಗೂ ಒಂದೇ ದಾರಿ ಆಗುವುದಿಲ್ಲ. 'ಬುದ್ಧಿ ಕಮ್ಮಿ' ಅಂತ ಮೂವರನ್ನೂ ಒಂದೇ ಕಡೆ ಕಳಿಸುವುದು ನನಗೆ ಸರಿ ಕಾಣುವುದೇ ಇಲ್ಲ.

ತುಮಕೂರಿನ ತಾಯಿ

ಮೇಡಂ ಬರೆದದ್ದು ಓದಿ ಕಣ್ಣು ತುಂಬಿ ಬಂತು. ನನ್ನ ಮಗಳಿಗೆ ಹುಟ್ಟಿನಿಂದ ರುಬೆಲ್ಲಾ, ಅಂದರೆ ಬಸುರಿಯಿಂದ ಮಗುವಿಗೆ ದಾಟುವ ಒಂದು ವೈರಸ್ ಸೋಂಕಿನ ಪೆಟ್ಟು. ನಾನು ಬಸುರಿ ಇದ್ದಾಗ ಮೈ ಮೇಲೆ ಸಣ್ಣ ಗುಳ್ಳೆ ಎದ್ದು ಹೋಗಿತ್ತು, ಯಾರೂ ಲೆಕ್ಕಕ್ಕೆ ತಗೊಳ್ಳಲಿಲ್ಲ. ಮಗುವಿಗೆ ಎರಡೂ ಕಣ್ಣಲ್ಲಿ ಪೊರೆ, ಹೃದಯದ ತೊಂದರೆ, ಕಿವಿ ಕೇಳುವುದಿಲ್ಲ. ಪೊರೆ ತೆಗೆಸಿದ ಮೇಲೂ ಹತ್ತಿರದ್ದು ಸ್ವಲ್ಪ ಕಾಣುತ್ತದೆ ಅಷ್ಟೆ.

ಕಿವುಡು ಮಕ್ಕಳ ಶಾಲೆಯೊಂದರಲ್ಲಿ ಕಣ್ಣು ಕಾಣದ ಮಕ್ಕಳ ಶಾಲೆಗೆ ಹೋಗಿ ಅಂದರು. ಅಲ್ಲಿ ಹೋದರೆ ಇವಳಿಗೆ ಕಿವಿ ಕೇಳಲ್ಲ, ನಮ್ಮ ಪಾಠ ಎಲ್ಲ ಕೇಳಿಸಿಕೊಂಡೇ ಕಲಿಯುವುದು ಅಂದರು. ಅವಳು ಮನೆಯಲ್ಲೇ ಉಳಿದಳು. ತಲೆ ಚಚ್ಚಿಕೊಳ್ಳುತ್ತಿದ್ದಳು, ಕಚ್ಚುತ್ತಿದ್ದಳು.

ನಮಗೆ ದಾರಿ ತೋರಿಸಿದ್ದು ಒಂದು ರಟ್ಟಿನ ಡಬ್ಬಿ. ಮನೆಗೆ ಬರುತ್ತಿದ್ದ ಟೀಚರ್ ಕಲಿಸಿದರು. ಚಮಚ ಕೈಗೆ ಕೊಟ್ಟರೆ ಊಟ. ಟವೆಲ್ ಚೂರು ಅಂದರೆ ಸ್ನಾನ. ಹಳೇ ಚಪ್ಪಲಿಯ ಪಟ್ಟಿ ಅಂದರೆ ಹೊರಗೆ ಹೋಗುವುದು. ಪ್ರತಿ ಸಲ ಅದೇ ವಸ್ತು, ಕೆಲಸಕ್ಕೆ ಮೊದಲು ಕೈಗೆ. ಡಬ್ಬಿಯೊಳಗೆ ಎಡದಿಂದ ಬಲಕ್ಕೆ ಆ ದಿನದ ವಸ್ತುಗಳು ಸಾಲಾಗಿ. ಕೆಲಸ ಮುಗಿದರೆ ಆ ವಸ್ತು ಪಕ್ಕದ ಬುಟ್ಟಿಗೆ. ಬಹಳ ದಿನ ಏನೂ ಆಗಲಿಲ್ಲ. ಆಮೇಲೆ ಒಂದು ಮಧ್ಯಾಹ್ನ ಅವಳೇ ಹೋಗಿ ಚಪ್ಪಲಿ ಪಟ್ಟಿ ತಂದು ನನ್ನ ಕೈಗೆ ಇಟ್ಟಳು. ಹೊರಗೆ ಹೋಗೋಣ ಅಂತ ನನ್ನ ಮಗಳು ನನ್ನನ್ನು ಕೇಳಿದ ಮೊದಲ ಸಲ ಅದು. ಕಚ್ಚುವುದು ಕಮ್ಮಿಯಾದದ್ದು ಅಲ್ಲಿಂದಲೇ.

2017ರ ಫೆಬ್ರವರಿಯಲ್ಲಿ ದಡಾರ-ರುಬೆಲ್ಲಾ ಲಸಿಕೆ ಅಭಿಯಾನ ಶುರುವಾದಾಗ ಮೊದಲ ಹಂತದಲ್ಲೇ ಕರ್ನಾಟಕ ಇತ್ತು. ಒಂಬತ್ತು ತಿಂಗಳಿಂದ ಹದಿನೈದು ವರ್ಷದವರೆಗಿನ ಮಕ್ಕಳಿಗೆ. ಆಗ ವಾಟ್ಸಾಪ್‌ನಲ್ಲಿ ಬಂದ ಸುಳ್ಳು ಸುದ್ದಿ ನಂಬಿ ಲಸಿಕೆ ಬೇಡ ಅಂದವರ ಮನೆ ಮನೆಗೆ ಮಗಳನ್ನು ಕರೆದುಕೊಂಡು ಹೋಗಿ ಕೈ ಮುಗಿದಿದ್ದೇನೆ.

ಮೈಸೂರಿನ ವಿಶೇಷ ಶಿಕ್ಷಕಿ

ತಾಯಿ, ಆ ಡಬ್ಬಿಗೆ ದೊಡ್ಡ ಚರಿತ್ರೆ ಇದೆ. ನೆದರ್ಲೆಂಡ್ಸಿನ ಸಿಂಟ್-ಮಿಕೀಲ್ಸ್‌ಗೆಸ್ಟಲ್ ಎಂಬ ಊರಿನ ಶಾಲೆಯಲ್ಲಿ ಯಾನ್ ವಾನ್ ಡೈಕ್ ಎಂಬ ಶಿಕ್ಷಕರು 1960ರ ದಶಕದಲ್ಲಿ ರುಬೆಲ್ಲಾದಿಂದ ಕಿವಿ, ಕಣ್ಣು ಎರಡೂ ಹೋದ ಮಕ್ಕಳ ಜತೆ ಕೆಲಸ ಮಾಡುತ್ತಾ ಈ ಬಗೆಯ ವಸ್ತು ಸಂಕೇತ, ದಿನಚರಿ ಡಬ್ಬಿಗಳನ್ನು ಬೆಳೆಸಿದರು. ಮಗು ಏನು ಮಾಡುತ್ತಿದೆಯೋ ಅದರ ಜತೆ ಸೇರಿಕೊಳ್ಳಿ ಅನ್ನುವುದು ಅವರ ಕ್ರಮ. ಮಗು ತೂಗಾಡುತ್ತಿದ್ದರೆ ನೀವೂ ಪಕ್ಕದಲ್ಲಿ ಕೂತು ತೂಗಾಡಿ. ಆಮೇಲೆ ನಿಲ್ಲಿಸಿ. ಮಗು 'ಇನ್ನೂ ಬೇಕು' ಅಂತ ಮೈಯಲ್ಲೇ ಏನಾದರೂ ತೋರಿಸುತ್ತದೆ. ಮಾತು ಅಲ್ಲಿ ಶುರು.

ಮೇಷ್ಟ್ರೇ, ನಿಮ್ಮ ಏಳು ವರ್ಷದವನಿಗೂ ಇದನ್ನೇ ಮಾಡಿ ನೋಡಿ. ಅವನ ಮುಚ್ಚಳ ಕಸಿಯಬೇಡಿ. ನೀವೂ ಒಂದು ಮುಚ್ಚಳ ತಗೊಂಡು ಪಕ್ಕದಲ್ಲಿ ಕೂತು ತಿರುಗಿಸಿ. ಕೈ ಹಿಡಿದು ಸನ್ನೆ ಮಾಡಿಸುವುದನ್ನು ಇವತ್ತೇ ನಿಲ್ಲಿಸಿ. ಬೇಕಾದರೆ ನಿಮ್ಮ ಕೈ ಕೆಳಗೆ ಇರಲಿ, ಅವನ ಕೈ ಮೇಲೆ. ಬೇಡ ಅನ್ನಿಸಿದಾಗ ಅವನು ಕೈ ತೆಗೆಯುವಂತಿರಬೇಕು.

ಕೊಪ್ಪಳ ಕಡೆಯ ಮೇಷ್ಟ್ರು

ಹುಡುಗಿಯ ತಾಯಿಗೆ ಫೋನ್ ಮಾಡಿದೆ. ಎರಡು ವರ್ಷ ಹತ್ತಿರ ಬಂದ ಮೇಲೆ ನಡೆದಳಂತೆ. ಹೆಡ್‌ಮೇಷ್ಟ್ರಿಗೂ ಹೇಳಿದ್ದೇನೆ, ಆಸ್ಪತ್ರೆಗೆ ಕಳಿಸಲು ಒಪ್ಪಿದ್ದಾರೆ. ಕೈ ತಿರುಚುವ ಹುಡುಗನ ವಿಷಯ ಯಾರಾದರೂ ಹೇಳಿ.

ಹುಬ್ಬಳ್ಳಿಯ ಫಿಸಿಯೋಥೆರಪಿಸ್ಟ್

ಸರ್, ಅವನು ಕೂರುವುದು ಹೇಗೆ? ಬೆಂಚಿನ ಮೇಲೆ ಕಾಲು ನೇತಾಡಿಸಿಕೊಂಡಾ? ಹಾಗಿದ್ದರೆ ಕೈ ಎಂದೂ ಹಿಡಿತಕ್ಕೆ ಬರುವುದಿಲ್ಲ. ಮೈಯನ್ನು ಬೀಳದಂತೆ ಹಿಡಿಯುವುದರಲ್ಲೇ ಅವನ ಶಕ್ತಿಯೆಲ್ಲ ಹೋಗುತ್ತದೆ. ಪಾದ ಪೂರ್ತಿ ಊರುವ ಹಾಗೆ ಕೆಳಗೆ ಮಣೆ ಇಡಿ. ಸೊಂಟಕ್ಕೆ ಅಗಲ ಪಟ್ಟಿ ಕಟ್ಟಿ. ಮೇಜು ಮೊಣಕೈ ಮಟ್ಟಕ್ಕೆ ಬರಲಿ. ಒಂದು ಕೈಯಲ್ಲಿ ಮೇಜಿಗೆ ಹೊಡೆದ ಗೂಟ ಹಿಡಿದುಕೊಂಡರೆ ಇನ್ನೊಂದು ಕೈ ಸ್ವಲ್ಪ ಸ್ಥಿರವಾಗುತ್ತದೆ. ಊರಿನ ಬಡಗಿ ಮಾಡಿಕೊಡುವ ಕೆಲಸ ಇದು.

ಸನ್ನೆ ಸ್ಪಷ್ಟ ಇರಬೇಕು ಅಂತ ಹಠ ಹಿಡಿಯಬೇಡಿ. 'ನೀರು' ಅನ್ನಲು ಅವನು ಮುಷ್ಟಿಯನ್ನು ಗಲ್ಲದ ಹತ್ತಿರ ತಂದರೆ ಅವನ 'ನೀರು' ಅದೇ. ಅದನ್ನು ಒಂದು ವಹಿಯಲ್ಲಿ ಬರೆದಿಡಿ, ಅಡುಗೆಯವರಿಂದ ಹಿಡಿದು ಎಲ್ಲರಿಗೂ ಗೊತ್ತಿರಲಿ.

ಕಣ್ಣು ಚೆನ್ನಾಗಿದೆ ಅಂದಿರಲ್ಲ, ಅದನ್ನು ಬಳಸಿ. ದಪ್ಪ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯ ಮಧ್ಯ ಕಿಟಕಿಯಂತೆ ಕತ್ತರಿಸಿ, ನಾಲ್ಕು ಮೂಲೆಗೆ ನಾಲ್ಕು ಚಿತ್ರ ಅಂಟಿಸಿ. ಎದುರು ಹಿಡಿದು ಕೂತರೆ ಅವನು ಯಾವ ಮೂಲೆ ನೋಡುತ್ತಾನೆ ಅಂತ ನಿಮಗೆ ಕಾಣುತ್ತದೆ. ಚಿತ್ರದಿಂದ ಪದಕ್ಕೆ, ಪದದಿಂದ ಅಕ್ಷರಕ್ಕೆ ಹೋಗಬಹುದು. ಉತ್ತರಕ್ಕೆ ಸಮಯ ಕೊಡಿ. ಅವನ ಕುತ್ತಿಗೆ ಒಂದು ಕಡೆ ನಿಲ್ಲುವಷ್ಟರಲ್ಲಿ ನಾವು ಮುಂದಿನ ಪ್ರಶ್ನೆಗೆ ಹೋಗಿಬಿಟ್ಟಿರುತ್ತೇವೆ.

ಆಡಿಯಾಲಜಿಸ್ಟ್, ಬೆಂಗಳೂರು

ಕಾಮಾಲೆಯಿಂದ ಆದ ಸಿಪಿ (ಸೆರೆಬ್ರಲ್ ಪಾಲ್ಸಿ, ಮಿದುಳಿಗೆ ಪೆಟ್ಟಾಗಿ ಮೈಕೈ ಹಿಡಿತ ತಪ್ಪುವುದು) ಇರಬಹುದು ಅನ್ನಿಸಿದ ಕೂಡಲೇ ಒಂದು ವಿಷಯ ನೆನಪಾಯಿತು. ಕಾಮಾಲೆಯಲ್ಲಿ ರಕ್ತದಲ್ಲಿ ಸೇರುವ ಹಳದಿ ವಸ್ತು ಬಿಲಿರುಬಿನ್ ತುಂಬಾ ಏರಿದ ಮಕ್ಕಳಲ್ಲಿ ಕಿವಿಯ ನರದ ತೊಂದರೆ ಜಾಸ್ತಿ, ಇದಕ್ಕೆ ಆಡಿಟರಿ ನ್ಯೂರೋಪತಿ ಅನ್ನುತ್ತಾರೆ. ಒಳಕಿವಿಯ ಕೂದಲು ಕೋಶಗಳು ಕೆಲಸ ಮಾಡುತ್ತಿರುತ್ತವೆ, ಹಾಗಾಗಿ ಆ ಕೋಶಗಳನ್ನು ನೋಡುವ ಓಎಇ ಪರೀಕ್ಷೆ ಪಾಸ್ ಆಗಬಹುದು. ಕಿವಿಯಿಂದ ಮಿದುಳಿಗೆ ಹೋಗುವ ನರವನ್ನು ನೋಡುವ ಬೆರಾ ಪರೀಕ್ಷೆಯಲ್ಲಿ ಅಲೆ ಬರುವುದಿಲ್ಲ, ಇಲ್ಲವೇ ಕೆಟ್ಟು ಬರುತ್ತದೆ. ಶಬ್ದ ಕೇಳುತ್ತದೆ, ಆದರೆ ಕಲಸಿಹೋಗಿ ಕೇಳುತ್ತದೆ. ಗದ್ದಲದ ತರಗತಿಯಲ್ಲಂತೂ ಮಾತು ಹಿಡಿಯುವುದೇ ಕಷ್ಟ. ಒಂದು ದಿನ ಚಪ್ಪಾಳೆಗೆ ತಿರುಗಿ ನೋಡುತ್ತಾನೆ, ಇನ್ನೊಂದು ದಿನ ಇಲ್ಲ. ಬೇಕಂತಲೇ ಮಾಡುತ್ತಾನೆ ಅಂತ ಜನ ಅಂದುಕೊಳ್ಳುತ್ತಾರೆ. ಈ ಎರಡೂ ಪರೀಕ್ಷೆ ಆಗಿವೆಯಾ ಅಂತ ಫೈಲ್ ನೋಡಿ. ಆಗಿಲ್ಲದಿದ್ದರೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ಕಳಿಸಬಹುದು.

ಇನ್ನೊಂದು ಮುಖ್ಯ ಮಾತು. 'ಬುದ್ಧಿಮಾಂದ್ಯ' ಅಂತ ಬರೆದ ಸರ್ಟಿಫಿಕೇಟ್ ಯಾರಿಗಾದರೂ ಇದ್ದರೆ, ಯಾವ ಪರೀಕ್ಷೆಯಿಂದ ಬರೆದರು ಅಂತ ಕೇಳಿ. ಬಾಯಿಮಾತಿನ ಪ್ರಶ್ನೆ ಕೇಳಿ ಕಿವುಡು ಮಗುವಿನ ಬುದ್ಧಿ ಅಳೆಯುವುದು ತಪ್ಪು. ಅದಕ್ಕೆ ಮಾತಿಲ್ಲದ ಪರೀಕ್ಷೆಗಳಿವೆ, ರೇವನ್ ಅವರ ಬಣ್ಣದ ಮ್ಯಾಟ್ರಿಸಸ್ ಮತ್ತು ಲೈಟರ್ ಸ್ಕೇಲ್ ತರಹದ್ದು. ಕೈಯೂ ಆಡದ ಮಗುವಿಗೆ ಕಣ್ಣೋಟದಲ್ಲಿ ಉತ್ತರ ಹೇಳಲು ಬಿಡಬೇಕು. ಆರೇಳು ವರ್ಷ ಯಾವ ಭಾಷೆಯೂ ಸಿಗದೆ ಬೆಳೆದ ಮಗುವಿನ ಅಂಕ ಕಮ್ಮಿ ಬಂದರೆ, ಅದು ಬುದ್ಧಿಯ ಕೊರತೆಯಾ ಭಾಷೆಯ ಕೊರತೆಯಾ ಅಂತ ಒಂದೇ ಸಲದ ಪರೀಕ್ಷೆಯಲ್ಲಿ ಹೇಳಲು ಆಗುವುದಿಲ್ಲ.

ನಿವೃತ್ತ ಮುಖ್ಯ ಶಿಕ್ಷಕ, ಬಳ್ಳಾರಿ ಜಿಲ್ಲೆ

ನನ್ನದೊಂದು ಬೇರೆ ಮಾತು, ಬೇಸರ ಮಾಡಿಕೊಳ್ಳಬೇಡಿ. ಒಬ್ಬ ಶಿಕ್ಷಕ, ಇಡೀ ತರಗತಿ. ಮೂವರಿಗೆ ಮೂರು ದಾರಿ ಮಾಡುತ್ತಾ ಕೂತರೆ ಉಳಿದ ಮಕ್ಕಳ ಗತಿ ಏನು? ಅವರಿಗೆ ಎಸ್ಸೆಸ್ಸೆಲ್ಸಿ ಇದೆ. ಆಯಾ ಇಲ್ಲ, ಥೆರಪಿಸ್ಟ್ ಇಲ್ಲ. ಶೌಚಕ್ಕೆ ಕರೆದುಕೊಂಡು ಹೋಗುವವರೇ ಇಲ್ಲದ ಕಡೆ ಸಿಪಿ ಮಗುವನ್ನು ಇಟ್ಟುಕೊಳ್ಳಿ ಅನ್ನುವುದು ಹೇಗೆ?

ಮೈಸೂರಿನ ವಿಶೇಷ ಶಿಕ್ಷಕಿ

ಸರ್, ನೀವು ಹೇಳಿದ ಕಷ್ಟ ನಿಜ. ಇನ್ನೊಬ್ಬರು ಸಿಬ್ಬಂದಿ ಬೇಕೇ ಬೇಕು, ಅದಕ್ಕೆ ಶಾಲೆ ಬರೆದು ಕೇಳಬೇಕು. ಒಳ್ಳೆಯ ಮನಸ್ಸೊಂದರಿಂದ ಇದು ನಡೆಯುವುದಿಲ್ಲ.

ಆದರೆ ಆ ಹುಡುಗನನ್ನು ಕಳಿಸಿದ ಶಾಲೆಯಲ್ಲಿ ಸನ್ನೆ ಭಾಷೆ ಬರುವವರು ಒಬ್ಬರೂ ಇಲ್ಲದಿದ್ದರೆ? ಅವನಿಗೆ ಅರ್ಥವಾಗುವ ಭಾಷೆ ಇರುವ ಜಾಗದಿಂದ ಇಲ್ಲದ ಜಾಗಕ್ಕೆ ಕಳಿಸಿದ ಹಾಗಾಯಿತು ಅಲ್ವಾ? ನಿಮ್ಮ ಶಾಲೆಯಲ್ಲಿ ಅವನು ಪಕ್ಕದ ಹುಡುಗರು ಹರಟುವುದನ್ನು ನೋಡುತ್ತಾ ಇರುತ್ತಾನೆ. ಅದೂ ಪಾಠವೇ. ಎಲ್ಲ ಪಿರಿಯಡ್ ಅವನಿಗಾಗಿ ಬದಲಿಸಬೇಕಿಲ್ಲ. ದಿನಕ್ಕೆ ಎರಡು ಸಲ, ಹತ್ತಿಪ್ಪತ್ತು ನಿಮಿಷ, ಅವನಿಗೇ ಮೀಸಲು. ಉಳಿದ ಹೊತ್ತು ತರಗತಿಯ ಜತೆ. ಊಟ, ಸ್ನಾನ, ಬಟ್ಟೆ ಮಡಚುವುದು ಎಲ್ಲ ಹೇಗೂ ನಡೆಯುತ್ತದೆ. ಭಾಷೆ ಕಲಿಸಲು ಅದಕ್ಕಿಂತ ಒಳ್ಳೆಯ ಹೊತ್ತು ಇಲ್ಲ.

ಕಿವುಡ ಶಿಕ್ಷಕ, ಬೆಂಗಳೂರು

ನಾನು ಹುಟ್ಟು ಕಿವುಡ. ಕಿವುಡು ಮಕ್ಕಳಿಗೆ ಸನ್ನೆ ಭಾಷೆ ಕಲಿಸುತ್ತೇನೆ. ಮುಖ ನೋಡದ ಆ ಹುಡುಗನ ಬಗ್ಗೆ ಬರೆಯುತ್ತೇನೆ.

ಕಿವುಡು ಮಗುವಿಗೆ ಆಟಿಸಂ (ಜನರ ಜತೆ ಬೆರೆಯುವುದು, ಸಂವಹನ ಬೇರೆ ರೀತಿ ಇರುವ ಸ್ಥಿತಿ) ಇದ್ದರೆ ಗೊತ್ತಾಗುವುದು ತಡ. ಹೆಸರು ಕರೆದರೆ ತಿರುಗಲ್ಲ, ಮಾತಾಡಲ್ಲ ಅಂದರೆ ಎಲ್ಲರೂ ಕಿವುಡು ಅಲ್ವಾ ಅಂದುಬಿಡುತ್ತಾರೆ. ಆದರೆ ಸಾಮಾನ್ಯ ಕಿವುಡು ಮಗು ಮುಖವನ್ನು ಎಲ್ಲರಿಗಿಂತ ಜಾಸ್ತಿ ನೋಡುತ್ತದೆ. ನಾವು ಬದುಕುವುದೇ ನೋಡಿಕೊಂಡು. ಸನ್ನೆ ಮಾಡುವವರ ನಡುವೆ ಇದ್ದೂ ನೋಡದ ಮಗು ಅಂದರೆ ತಜ್ಞರಿಗೆ ತೋರಿಸಬೇಕು.

ಇಂಥ ಮಕ್ಕಳ ಸನ್ನೆಯಲ್ಲಿ ಒಂದು ವಿಶೇಷ ಇರುತ್ತದೆ, ಸಂಶೋಧಕರೂ ಬರೆದಿದ್ದಾರೆ. ನಾನು ಅಂಗೈ ಅವನ ಕಡೆ ತೋರಿಸಿ ಸನ್ನೆ ಮಾಡಿದರೆ, ಅವನು ಮಾಡುವಾಗ ಅಂಗೈಯನ್ನು ತನ್ನ ಕಡೆಗೇ ತಿರುಗಿಸುತ್ತಾನೆ. ಅವನಿಗೆ ಕಂಡದ್ದು ಅಂಗೈ, ಅದನ್ನೇ ಮಾಡಿದ. ಇದನ್ನು ತಿದ್ದಿ ತಿದ್ದಿ ಅಳಿಸಬೇಡಿ. ಎದುರು ಕೂರುವ ಬದಲು ಪಕ್ಕದಲ್ಲಿ ಕೂತು, ಇಬ್ಬರೂ ಒಂದೇ ಕಡೆ ಮುಖ ಮಾಡಿ ಸನ್ನೆ ಮಾಡಿ. ದೊಡ್ಡ ಕನ್ನಡಿ ಇದ್ದರೆ ಇನ್ನೂ ಒಳ್ಳೆಯದು. ಅವನು ಯಾವುದನ್ನು ನೋಡುತ್ತಿದ್ದಾನೋ ಅದರ ಪಕ್ಕದಲ್ಲೇ ನಿಮ್ಮ ಕೈ ಇರಲಿ. ಮುಚ್ಚಳದ ಸನ್ನೆಯನ್ನು ಮುಚ್ಚಳದ ಹತ್ತಿರ ಮಾಡಿ.

ಕರೆಯಲು ಹಿಂದಿನಿಂದ ಬಂದು ಭುಜ ತಟ್ಟಬೇಡಿ, ಲೈಟ್ ಆರಿಸಿ ಹಾಕಬೇಡಿ. ನಮಗೆ ಅದು ಮಾಮೂಲು, ಅವನಿಗೆ ತಡೆಯಲು ಆಗುವುದಿಲ್ಲ. ಎದುರಿನಿಂದ ಬಂದು, ತೋಳಿನ ಮೇಲೆ ಗಟ್ಟಿಯಾಗಿ, ನಿಧಾನವಾಗಿ ಕೈ ಇಡಿ. ಆ ದಿನದ ಕೆಲಸಗಳ ಚಿತ್ರಪಟ್ಟಿ ಗೋಡೆಗೆ ಹಾಕಿ. ಕಾರ್ಯಕ್ರಮ ಬದಲಾದರೆ ಮೊದಲೇ ಅವನ ಎದುರೇ ಚಿತ್ರ ಬದಲಿಸಿ.

ಇನ್ನೊಂದು ವಿನಂತಿ. ಇಂಥ ಮಕ್ಕಳಿರುವ ಕಡೆ ಒಬ್ಬ ದೊಡ್ಡ ವಯಸ್ಸಿನ ಕಿವುಡರನ್ನು ಕೆಲಸಕ್ಕೆ ತಗೊಳ್ಳಿ, ಸಂಬಳ ಕೊಟ್ಟು. ಮಗು ಸಣ್ಣದೇನು ಹೇಳಿದರೂ ನಮ್ಮ ಕಣ್ಣಿಗೆ ಬೇಗ ಬೀಳುತ್ತದೆ.

ಬಿಐಇಆರ್‌ಟಿ, ಹಾಸನ ಜಿಲ್ಲೆ

ನಾನು ಬಿಐಇಆರ್‌ಟಿ, ಅಂದರೆ ತಾಲ್ಲೂಕಿನಲ್ಲಿ ಅಂಗವಿಕಲ ಮಕ್ಕಳ ಮನೆ ಮನೆಗೆ ಹೋಗಿ ಗೃಹಾಧಾರಿತ ಶಿಕ್ಷಣ ಕೊಡುವ ಸಂಪನ್ಮೂಲ ಶಿಕ್ಷಕಿ. ಕಾಗದಪತ್ರದ ವಿಷಯ ಹೇಳಿಬಿಡುತ್ತೇನೆ.

1995ರ ಕಾಯ್ದೆಯಲ್ಲಿ ಏಳೇ ವೈಕಲ್ಯ ಇದ್ದವು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ 21 ಇವೆ. ಅದರಲ್ಲಿ ಕಿವುಡು-ಕುರುಡು ಸೇರಿದ ಬಹು ವೈಕಲ್ಯ ಅಂತಲೇ ಒಂದು ಇದೆ. ಅದೇ ಕಾಯ್ದೆಯ 16ನೇ ಕಲಂ ಪ್ರಕಾರ ಸರ್ಕಾರದ ಅನುದಾನ ಅಥವಾ ಮಾನ್ಯತೆ ಇರುವ ಶಾಲೆ ಭೇದ ಮಾಡದೆ ಸೇರಿಸಿಕೊಳ್ಳಬೇಕು. ಕಿವುಡರು, ಕುರುಡರು, ಎರಡೂ ಇರುವವರಿಗೆ ಅವರಿಗೆ ಸರಿಹೊಂದುವ ಭಾಷೆ ಮತ್ತು ಸಂವಹನ ವಿಧಾನದಲ್ಲೇ ಕಲಿಸಬೇಕು. 'ನಮ್ಮಲ್ಲಿ ಆಗಲ್ಲ' ಅಂತ ಬಾಯಲ್ಲಿ ಹೇಳಿ ಕಳಿಸಿದರೆ, ಬರೆದು ಕೊಡಿ ಅಂತ ಕೇಳಿ.

ಯುಡಿಐಡಿ ಕಾರ್ಡಿನಲ್ಲಿ (ಅಂಗವಿಕಲರ ಗುರುತಿನ ಚೀಟಿ) ಕಿವುಡುತನ ಒಂದನ್ನೇ ಬರೆಸಿದ್ದರೆ ಮತ್ತೆ ತಪಾಸಣೆಗೆ ಅರ್ಜಿ ಹಾಕಿ. ಬಹು ವೈಕಲ್ಯಕ್ಕೆ ಶೇಕಡಾವಾರು ಸುಮ್ನೆ ಕೂಡಿಸುವುದಿಲ್ಲ. 90ರಲ್ಲಿ ದೊಡ್ಡ ಅಂಕ ಕಳೆದು ಉಳಿದದ್ದರಿಂದ ಸಣ್ಣ ಅಂಕವನ್ನು ಗುಣಿಸಿ, 90ರಿಂದ ಭಾಗಿಸಿ, ಬಂದದ್ದನ್ನು ದೊಡ್ಡ ಅಂಕಕ್ಕೆ ಸೇರಿಸುತ್ತಾರೆ. ಕಿವಿಗೆ 60, ಕೈಕಾಲಿಗೆ 45 ಇದ್ದರೆ ಒಟ್ಟು 75 ಆಗುತ್ತದೆ. ಸಿಪಿ, ಆಟಿಸಂ, ಬಹು ವೈಕಲ್ಯ ಇರುವವರಿಗೆ ಕೇಂದ್ರ ಸರ್ಕಾರದ ನ್ಯಾಷನಲ್ ಟ್ರಸ್ಟ್‌ನ ನಿರಾಮಯ ಆರೋಗ್ಯ ವಿಮೆ ಇದೆ, ಒಂದು ಲಕ್ಷದವರೆಗೆ. ಅಂಗವಿಕಲರ ಪುನರ್ವಸತಿ ಕಾರ್ಯಕರ್ತರು, ಅಂದರೆ ನಿಮ್ಮ ಪಂಚಾಯಿತಿಯ ವಿಆರ್‌ಡಬ್ಲ್ಯೂ, ತಾಲ್ಲೂಕಿನ ಎಂಆರ್‌ಡಬ್ಲ್ಯೂ, ಅರ್ಜಿ ಹಾಕಲು ಸಹಾಯ ಮಾಡುತ್ತಾರೆ.

ಅಮೆರಿಕದಲ್ಲಿರುವ ಕನ್ನಡತಿ, ಕಿವುಡರ ಶಾಲೆಯ ಸಹಾಯಕಿ

ಬಳ್ಳಾರಿಯ ಸರ್ ಕೇಳಿದ ಪ್ರಶ್ನೆಗೆ ಒಂದು ಸಂಖ್ಯೆ. ಇಲ್ಲಿ ಕಿವುಡರಿಗಾಗಿಯೇ ಇರುವ ಗ್ಯಾಲೊಡೆಟ್ ವಿಶ್ವವಿದ್ಯಾಲಯ ನಡೆಸುತ್ತಿದ್ದ ಸಮೀಕ್ಷೆಗಳಲ್ಲಿ ಕಿವುಡು ವಿದ್ಯಾರ್ಥಿಗಳಲ್ಲಿ ಸುಮಾರು ಶೇ 40ರಷ್ಟು ಮಕ್ಕಳಿಗೆ ಇನ್ನೊಂದು ತೊಂದರೆಯೂ ಇತ್ತು. ಅವಧಿಗೆ ಮೊದಲೇ ಹುಟ್ಟುವುದು, ಮೆನಿಂಜೈಟಿಸ್ (ಮಿದುಳಿನ ಪೊರೆಯ ಉರಿಯೂತ), ಸಿಎಂವಿ ಎಂಬ ವೈರಸ್ ಸೋಂಕು, ಜೋರು ಕಾಮಾಲೆ, ಇವೆಲ್ಲ ಕಿವಿಯೊಂದನ್ನೇ ಮುಟ್ಟಿ ಹೋಗುವುದಿಲ್ಲವಲ್ಲ. ಈ ದೇಶದಲ್ಲೂ 1964-65ರ ರುಬೆಲ್ಲಾ ಹಾವಳಿಯಲ್ಲಿ ಸುಮಾರು 20,000 ಮಕ್ಕಳು ಅದರ ಪೆಟ್ಟು ತಿಂದು ಹುಟ್ಟಿದ ಮೇಲೇ ಶಾಲೆಗಳು ಬದಲಾಗಬೇಕಾಯಿತು. ಆದ್ದರಿಂದ ಇವರನ್ನು ಅಪರೂಪಕ್ಕೆ ಬಂದ ಮಕ್ಕಳು ಅಂದುಕೊಳ್ಳುವ ಹಾಗಿಲ್ಲ ಅಂತ ನನಗೆ ಅನ್ನಿಸುತ್ತದೆ.

ನಿವೃತ್ತ ಮುಖ್ಯ ಶಿಕ್ಷಕ, ಬಳ್ಳಾರಿ ಜಿಲ್ಲೆ

ಸರಿ ತಾಯಿ, ಒಪ್ಪಿದೆ. ಆದರೆ ಆಯಾ ಹುದ್ದೆಯ ಮಾತು ನಾನು ಬಿಡುವುದಿಲ್ಲ. ಮೇಷ್ಟ್ರೇ, ಇಲಾಖೆಗೆ ಕೊಡುವ ಅರ್ಜಿಯ ಕರಡು ನನಗೆ ಕಳಿಸಿ, ತಿದ್ದಿ ಕೊಡುತ್ತೇನೆ. ಹದಿನಾರನೇ ಕಲಂ ಅದರಲ್ಲಿ ಮೊದಲ ಸಾಲಿಗೇ ಬರಲಿ.

ಕೊಪ್ಪಳ ಕಡೆಯ ಮೇಷ್ಟ್ರು

ಎಲ್ಲರಿಗೂ ತುಂಬಾ ತುಂಬಾ ಧನ್ಯವಾದ. ಬಡಗಿಗೆ ಕುರ್ಚಿ, ಮಣೆಯ ಅಳತೆ ಕೊಟ್ಟಾಗಿದೆ. ಪ್ಲಾಸ್ಟಿಕ್ ಹಾಳೆ ಸಿಕ್ಕಿದೆ. ಊಟಕ್ಕೆ ಏನು ಬೇಕು ಅಂತ ಕೇಳಿದರೆ ಹುಡುಗ ಮೊಟ್ಟೆಯ ಚಿತ್ರವನ್ನೇ ನೋಡುತ್ತಾನೆ, ಬೇಕಂತ ಜಾಗ ಬದಲಿಸಿದರೂ ಅದನ್ನೇ ಹುಡುಕುತ್ತಾನೆ. ಮುಚ್ಚಳದ ಹುಡುಗನ ಪಕ್ಕದಲ್ಲಿ ದಿನವೂ ಕೂರುತ್ತಿದ್ದೇನೆ. ನನ್ನ ಮುಚ್ಚಳ ನಿಂತರೆ ಈಗ ಅದನ್ನು ನನ್ನ ಕಡೆ ತಳ್ಳುತ್ತಾನೆ.

ಹುಡುಗಿಯನ್ನು ಮುಂದಿನ ವಾರ ಬೆಂಗಳೂರಿಗೆ ಕರೆದುಕೊಂಡು ಹೋಗುತ್ತೇವೆ. ಅಲ್ಲಿಯ ತನಕ ತರಗತಿಯಲ್ಲಿ, ಹಾಸ್ಟೆಲಿನಲ್ಲಿ ಏನು ಬದಲಿಸಬೇಕು?

ಮೈಸೂರಿನ ವಿಶೇಷ ಶಿಕ್ಷಕಿ

ಮೊದಲು ವರಾಂಡದ ಚಪ್ಪಲಿ, ಬಕೆಟ್ ತೆಗೆಸಿ. ಮೆಟ್ಟಿಲಿನ ಅಂಚಿಗೆ ಹಳದಿ ಬಣ್ಣ ಬಳಿಸಿ. ಊಟದ ಹಾಲ್‌ಗೆ ಹೋಗುವ ದಾರಿಯಲ್ಲಿ ಒಳ್ಳೆ ಬೆಳಕು ಇರಲಿ.

ತರಗತಿಯಲ್ಲಿ ಕಿಟಕಿಗೆ ಬೆನ್ನು ಮಾಡಿ ನಿಲ್ಲಬೇಡಿ. ನಿಮ್ಮ ಹಿಂದೆ ಬೆಳಕಿದ್ದರೆ ಅವಳಿಗೆ ಕೈಯ ನೆರಳಷ್ಟೇ ಕಾಣುತ್ತದೆ. ಚೌಕಳಿ, ಹೂವಿನ ಅಂಗಿ ಬೇಡ, ಕೈಬಣ್ಣಕ್ಕೆ ಎದ್ದು ಕಾಣುವ ಒಂದೇ ಬಣ್ಣದ್ದು ಹಾಕಿ. ಅವಳ ಮೂಗಿಗೆ ಹತ್ತಿರ ಬರಬೇಡಿ. ನೋಟದ ಕ್ಷೇತ್ರ ಕಿರಿದಾದವರಿಗೆ ಸ್ವಲ್ಪ ದೂರ ನಿಂತರೇ ಇಡೀ ಕೈ ಕಾಣುವುದು. ಸನ್ನೆಯನ್ನು ಎದೆ, ಮುಖದ ನಡುವಿನ ಸಣ್ಣ ಜಾಗದಲ್ಲೇ ಮಾಡಿ.

ಕಾಯಿಲೆಯ ಹೆಸರು ಅವಳ ಎದುರು ಈಗಲೇ ಎತ್ತಬೇಡಿ. ವರದಿ ಬಂದ ಮೇಲೆ ತಂದೆ ತಾಯಿ, ನೀವು, ವೈದ್ಯರು ಕೂತು ಮಾತಾಡಿ. ಆಮೇಲೆ ಅವಳಿಗೆ ಅವಳ ಭಾಷೆಯಲ್ಲೇ ಹೇಳಬೇಕು. ಮುಚ್ಚಿಡಬಾರದು. ಆಸ್ಪತ್ರೆಗೆ ನೀವೇ ಜತೆಗೆ ಹೋಗಿ. ರೆಟಿನಾ ನೋಡಲು ಡ್ರಾಪ್ಸ್ ಹಾಕುತ್ತಾರೆ. ಹಾಕಿದ ಮೇಲೆ ಕೆಲವು ಗಂಟೆ ಹತ್ತಿರದ್ದು ಮಸುಕಾಗುತ್ತದೆ, ಬೆಳಕು ಕುಕ್ಕುತ್ತದೆ. ನಿಮ್ಮ ಸನ್ನೆ ಅವಳಿಗೆ ಸರಿಯಾಗಿ ಕಾಣುವುದಿಲ್ಲ. ಆದ್ದರಿಂದ ಏನೇನು ಪರೀಕ್ಷೆ, ಎಷ್ಟು ಹೊತ್ತು, ಯಾವಾಗ ಮತ್ತೆ ಸರಿಯಾಗುತ್ತದೆ ಅನ್ನುವುದನ್ನೆಲ್ಲ ಡ್ರಾಪ್ಸ್ ಹಾಕುವ ಮೊದಲೇ ಹೇಳಿ ಮುಗಿಸಿ.